ಟೋಕನ್ ಪೆಟ್ಟಿಗೆಯೊಳಗಿನ ಬೇಲದ ಕಾಯಿ

ನನ್ನ ಸರ್ವಿಸ್ ರಿಜಿಸ್ಟರಿನಲ್ಲಿ ಕೆಂಪು ಶಾಯಿಯ ಒಂದು ಸಾಲಿದೆ. ಇಷ್ಟು ವರ್ಷ ರೈಲ್ವೆಯಲ್ಲಿ ನಾನು ರಿಪೇರಿ ಮಾಡಿದ ಯಂತ್ರಗಳ ಬಗ್ಗೆ ಆ ಪುಸ್ತಕದಲ್ಲಿ ಒಂದಕ್ಷರವೂ ಇಲ್ಲ. ಕೆಂಪು ಸಾಲು ಮಾತ್ರ ದುಂಡಗಿನ ಅಕ್ಷರದಲ್ಲಿ, ಯಾರೋ ಪ್ರೀತಿಯಿಂದ ಬರೆದ ಹಾಗಿದೆ: ‘ಸುರಕ್ಷತೆಯ ಯಂತ್ರದೊಳಗೆ ಹಣ್ಣು ಹಾಕಿದ್ದಕ್ಕಾಗಿ ಎಚ್ಚರಿಕೆ ಕೊಡಲಾಗಿದೆ. ಮೂರು ವರ್ಷ ಬಡ್ತಿ ತಡೆಯಲಾಗಿದೆ.’ ಬರೆದದ್ದು ಇಂಗ್ಲಿಷಿನಲ್ಲಿ, ಕನ್ನಡಕ್ಕೆ ತಂದವನು ನಾನು. ಇಂಗ್ಲಿಷಿನಲ್ಲಿ ಓದಿದರೆ ನಾನು ಇನ್ನೂ ದೊಡ್ಡ ಅಪರಾಧಿಯಂತೆ ಕಾಣುತ್ತೇನೆ.

ಹಣ್ಣು ಎಂದು ಬರೆದದ್ದೂ ತಪ್ಪು. ಅದು ಕಾಯಿ. ಸರಿಯಾಗಿ ತನಿಖೆ ಮಾಡಿದ್ದರೆ ಅಷ್ಟಾದರೂ ತಿಳಿಯುತ್ತಿತ್ತು.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನನ್ನನ್ನು ಕಡೂರಿಗೆ ಹಾಕಿದ್ದರು. ನನ್ನ ಕೆಲಸಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ಜನ ಕರೆಯುತ್ತಿದ್ದದ್ದು ಮಿಸ್ತ್ರಿ ಎಂದು. ಒಂದು ಕಡೆ ಅಜ್ಜಂಪುರದವರೆಗೆ, ಇನ್ನೊಂದು ಕಡೆ ತರೀಕೆರೆಯವರೆಗೆ, ನಡುವಿನ ಸಣ್ಣಪುಟ್ಟ ಸ್ಟೇಷನ್ನುಗಳಲ್ಲಿ ಇರುವ ಟೋಕನ್ ಪೆಟ್ಟಿಗೆಗಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಈ ಪೆಟ್ಟಿಗೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಇದು ಗೊತ್ತಿಲ್ಲದೆ ಮುಂದೆ ಓದಿದರೆ ನನ್ನ ಮೇಲಧಿಕಾರಿಗಳಂತೆ ನೀವೂ ತಪ್ಪು ತಿಳಿಯುತ್ತೀರಿ.

ಆಗ ನಮ್ಮ ಕಡೆ ಎಲ್ಲ ಒಂಟಿ ಹಳಿ. ಹೋಗುವ ಗಾಡಿಗೂ ಬರುವ ಗಾಡಿಗೂ ಅದೇ ದಾರಿ. ಎರಡು ಸ್ಟೇಷನ್ನುಗಳ ನಡುವೆ ಒಂದು ಸಲಕ್ಕೆ ಒಂದೇ ಗಾಡಿ ಇರಬೇಕು. ಎರಡು ಇದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ಮುಖ್ಯವಾದ ವಿಷಯವನ್ನು ಮನುಷ್ಯರ ಬುದ್ಧಿಗೆ ಬಿಡಬಾರದೆಂದು, ಮನುಷ್ಯರನ್ನು ಚೆನ್ನಾಗಿ ಬಲ್ಲ ಯಾರೋ ತೀರ್ಮಾನಿಸಿ ಈ ಪೆಟ್ಟಿಗೆ ಮಾಡಿದ್ದರು. ಎರಕದ ಕಬ್ಬಿಣದ ಮೈ, ಕೆಂಪು ಬಣ್ಣ, ಮುಂದೊಂದು ಹಿಡಿ, ಮೇಲೊಂದು ಗಂಟೆ, ಹೊಟ್ಟೆಯಲ್ಲಿ ಉಕ್ಕಿನ ಗುಂಡುಗಳು. ಈ ಸ್ಟೇಷನ್ನಿನ ಪೆಟ್ಟಿಗೆಗೂ ಮುಂದಿನ ಸ್ಟೇಷನ್ನಿನ ಪೆಟ್ಟಿಗೆಗೂ ತಂತಿಯ ಸಂಬಂಧ. ಆ ಕಡೆಯವರು ‘ಕಳಿಸಿ’ ಎಂದು ಒಪ್ಪಿ ಹಿಡಿ ತಿರುಗಿಸಿದರೆ ಈ ಕಡೆ ಒಂದು ಗುಂಡು ಹೊರಗೆ ಬರುತ್ತದೆ. ಅದನ್ನು ಬೆತ್ತದ ಬಳೆ ಕಟ್ಟಿದ ಚರ್ಮದ ಚೀಲದಲ್ಲಿಟ್ಟು ಡ್ರೈವರನಿಗೆ ಕೊಡಬೇಕು. ಗುಂಡು ಕೈಗೆ ಬಾರದೆ ಡ್ರೈವರ್ ಗಾಡಿ ಬಿಡುವಂತಿಲ್ಲ. ಒಂದು ಗುಂಡು ಹೊರಗಿರುವಷ್ಟು ಹೊತ್ತು ಎರಡೂ ಪೆಟ್ಟಿಗೆಗಳು ಬಾಯಿ ಬಿಗಿದು ಕೂರುತ್ತವೆ. ಗಾಡಿ ಆಚೆ ತಲುಪಿ, ಅದೇ ಗುಂಡನ್ನು ಅಲ್ಲಿನ ಪೆಟ್ಟಿಗೆಗೆ ಹಾಕಿದ ಮೇಲೆಯೇ ದಾರಿ ತೆರವಾಯಿತೆಂದು ಲೆಕ್ಕ.

ಈಚೆಗೆ ಒಂದು ದಿನ ಅಂಚೆ ಕಚೇರಿಯಲ್ಲಿ ಕಂಪ್ಯೂಟರ್ ಕೆಟ್ಟು ನಾವು ಮುದುಕರೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂತಿದ್ದೆವು. ಅದನ್ನು ರಿಪೇರಿ ಮಾಡಲು ಬಂದ ಹುಡುಗಿಯನ್ನು ಏನು ಕೆಟ್ಟಿದೆ ಎಂದು ಕೇಳಿದೆ. ಆಕೆ ತಾಳ್ಮೆಯಿಂದ ಹೇಳಿದಳು: ಕಂಪ್ಯೂಟರಿನ ಎಲ್ಲಕ್ಕಿಂತ ಒಳಗೆ ಕರ್ನೆಲ್ ಅಂತ ಒಂದಿರುತ್ತದೆ, ಯಾರಿಗೆ ಯಾವಾಗ ದಾರಿ ಬಿಡಬೇಕೆಂದು ನಿರ್ಧರಿಸುವುದು ಅದು, ಮಿಕ್ಕದ್ದೆಲ್ಲ ಅದನ್ನು ನಂಬಿಕೊಂಡೇ ಓಡುತ್ತದೆ. ‘ಅದಕ್ಕೆ ಯಾರಾದರೂ ಬೇಲದ ಕಾಯಿ ಹಾಕಿದರೆ?’ ಎಂದೆ. ಮುದುಕನಿಗೆ ಅರಳುಮರಳು ಎಂದುಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ನಕ್ಕು, ‘ದಿನಾ ಹಾಕ್ತಾರೆ ತಾತ. ಹುಡುಕಿ ತೆಗೆಯೋದೇ ನಮ್ಮ ಕೆಲಸ’ ಎಂದಳು. ಇಷ್ಟು ವರ್ಷಗಳಲ್ಲಿ ನನ್ನ ಕಥೆಯನ್ನು ಪೂರ್ತಿ ಹೇಳದೆಯೇ ಅರ್ಥ ಮಾಡಿಕೊಂಡವಳು ಅವಳೊಬ್ಬಳು.

ಪೆಟ್ಟಿಗೆ ಎಂದೂ ತಪ್ಪು ಮಾಡುವುದಿಲ್ಲ ಎಂಬುದು ನಮ್ಮ ದೊಡ್ಡ ಆಫೀಸಿನ ಧರ್ಮ. ಕೆಡುವುದು ಬೇರೆ, ತಪ್ಪು ಮಾಡುವುದು ಬೇರೆ. ಕೆಡುವುದಕ್ಕೆ ಆಫೀಸಿನವರು ಉದಾರವಾಗಿ ಅನುಮತಿ ಕೊಟ್ಟಿದ್ದರು. ಏನೇನು ಕಾರಣಕ್ಕೆ ಕೆಡಬಹುದೆಂದು ಅಚ್ಚು ಹಾಕಿಸಿದ ಫಾರಂ ಇತ್ತು. ಆ ಪಟ್ಟಿಯಲ್ಲಿ ಹಲ್ಲಿ ಇರಲಿಲ್ಲ. ಆದರೆ ನಮ್ಮ ಕಡೆಯ ಪೆಟ್ಟಿಗೆಗಳು ಹತ್ತರಲ್ಲಿ ನಾಲ್ಕು ಸಲ ಕೆಡುತ್ತಿದ್ದದ್ದು ಹಲ್ಲಿಯಿಂದಲೇ. ಒಳಗಿನ ಹಿತ್ತಾಳೆಯ ತುಂಡುಗಳ ಮಧ್ಯೆ ಹಲ್ಲಿ ಹೋಗಿ ಸಾಯುವುದು, ಕರೆಂಟು ಹರಿಯದೆ ಗಂಟೆ ಮೂಕಾಗುವುದು, ನಾನು ಕಡೂರಿನಿಂದ ಗೂಡ್ಸ್ ಗಾಡಿಯ ಗಾರ್ಡನ ಡಬ್ಬಿ ಹತ್ತಿ ಹೋಗಿ ಹಲ್ಲಿಗೆ ಅಂತ್ಯಕ್ರಿಯೆ ಮಾಡಿ ಬರುವುದು. ಮೊದಲ ಸಲ ಕಾರಣದ ಕಾಲಮ್ಮಿನಲ್ಲಿ ‘ಹಲ್ಲಿ’ ಎಂದು ಬರೆದೆ. ಪಟ್ಟಿಯಲ್ಲಿಲ್ಲದ ಕಾರಣವನ್ನು ಬರೆಯತಕ್ಕದ್ದಲ್ಲ ಎಂದು ವಾಪಸು ಬಂತು. ಆಮೇಲೆ ಹಲ್ಲಿಗೆ ‘ವಾತಾವರಣದ ತೇವ’ ಎಂದು, ಇರುವೆಗೂಡಿಗೆ ‘ಧೂಳು’ ಎಂದು ಬರೆಯಲು ಕಲಿತೆ. ಬೇಸಿಗೆಯ ಕಡೂರಿನಲ್ಲಿ ಇಷ್ಟೊಂದು ತೇವ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.

ಬೇಲದ ಕಾಯಿ ಸಿಕ್ಕಿದ್ದು ಅಜ್ಜಂಪುರದ ದಾರಿಯ ಒಂದು ಸಣ್ಣ ಸ್ಟೇಷನ್ನಿನಲ್ಲಿ. ಹೆಸರು ಹೇಳುವುದಿಲ್ಲ, ಅಲ್ಲಿದ್ದವರ ಮೊಮ್ಮಕ್ಕಳು ಇನ್ನೂ ಆ ಸೀಮೆಯಲ್ಲಿದ್ದಾರೆ. ಮೂರು ತಿಂಗಳಿಗೊಮ್ಮೆ ಪೆಟ್ಟಿಗೆ ಬಿಚ್ಚಿ ಒರೆಸುವ ಸರದಿ. ಮಧ್ಯಾಹ್ನದ ಬಿಸಿಲು, ಗಾಡಿಯ ಸುಳಿವಿಲ್ಲ. ಗುಂಡುಗಳನ್ನು ಒಂದೊಂದಾಗಿ ತೆಗೆದು ಬಟ್ಟೆಯ ಮೇಲೆ ಇಡುತ್ತಿದ್ದೆ. ಒಂದನ್ನು ಎತ್ತಿದಾಗ ಕೈ ತಾನೇ ಮೇಲೆ ಹಾರಿತು. ಭಾರವೇ ಇಲ್ಲ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲೆಸಿ ಬಳಿದಿದ್ದರು, ನೋಡಲು ಥೇಟ್ ಗುಂಡಿನ ಹಾಗೆಯೇ. ಉಗುರಿನಿಂದ ಕೆರೆದೆ. ಮಸಿಯ ಕೆಳಗೆ ಬೇಲದ ಓಡು ಕಂಡಿತು.

ಪಕ್ಕದಲ್ಲಿ ಪಾಯಿಂಟ್ಸ್‌ಮನ್ ನಿಂತಿದ್ದ. ಹಳಿ ತಿರುಗಿಸುವುದು, ಬಾವುಟ ತೋರಿಸುವುದು, ಓಡುವ ಗಾಡಿಯಿಂದ ಗುಂಡಿನ ಚೀಲ ಹಿಡಿಯುವುದು ಅವನ ಕೆಲಸ. ಪಂಚನಹಳ್ಳಿ ಕಡೆಯವನು, ಐವತ್ತು ದಾಟಿದವನು, ನಾಲ್ಕು ಹೆಣ್ಣುಮಕ್ಕಳ ತಂದೆ. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಅವನಿಗೆ ಗಾಬರಿಯಾಗಲಿಲ್ಲ. ಅದೇ ನನಗೆ ಹೆಚ್ಚು ಗಾಬರಿ ಹುಟ್ಟಿಸಿತು.

‘ಇದೇನಯ್ಯಾ?’ ಎಂದೆ.

‘ಕಾಯಿ, ಮಿಸ್ತ್ರಿಗಳೇ.’

‘ಕಾಯಿ ಅಂತ ನಂಗೂ ಕಾಣ್ತದೆ. ಇಲ್ಲಿಗ್ ಹೆಂಗ್ ಬಂತು?’

‘ನಾನೇ ಹಾಕ್ದೆ. ವರ್ಷಕ್ ಒಂದೆರಡ್ ಸಲ ಹಾಕ್ಬೇಕಾಯ್ತದೆ ಕಣ್ರೀ.’

ಅವನು ವಿವರಿಸಿದ್ದು ಹೀಗೆ. ಗೂಡ್ಸ್ ಗಾಡಿಗಳು ಆ ಸ್ಟೇಷನ್ನಿನಲ್ಲಿ ನಿಲ್ಲುವುದಿಲ್ಲ. ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಓಡುತ್ತಲೇ ಚೀಲ ಎಸೆಯುತ್ತಾನೆ. ಕೆಲವು ಸಲ ಚೀಲ ಲಾಂಟಾನ ಪೊದೆಗೆ ಬೀಳುತ್ತದೆ, ಬಾಯಿ ತೆರೆದು ಗುಂಡು ಎಲ್ಲೋ ಉರುಳುತ್ತದೆ. ಗಾಡಿ ಬಂದಾಗಿದೆ, ಗುಂಡು ಇಲ್ಲ, ಪೆಟ್ಟಿಗೆ ಬಿಗಿದುಕೊಂಡಿದೆ. ಗುಂಡು ಸಿಗುವವರೆಗೆ ಆ ಕಡೆಯಿಂದ ಯಾವ ಗಾಡಿಯೂ ಬರುವಂತಿಲ್ಲ. ಹಿಂದೊಮ್ಮೆ ಹೀಗಾಗಿ ಯಾರೋ ದೊಡ್ಡ ಸಾಹೇಬರ ಡಬ್ಬಿ ಎರಡು ಗಂಟೆ ನಿಂತು, ಅವರ ಊಟ ತಡವಾಗಿ, ಸ್ಟೇಷನ್ ಮಾಸ್ಟರಿಗೆ ಶಿಕ್ಷೆಯಾಗಿತ್ತು. ಅಂದಿನಿಂದ ಸ್ಟೇಷನ್ನಿನ ಹಿಂದಿದ್ದ ಬೇಲದ ಮರ ಸೇವೆಗೆ ಸೇರಿಕೊಂಡಿತು. ಗುಂಡು ಕಳೆದರೆ ಕಾಯಿ ಹಾಕಿ ದಾರಿ ಬಿಡಿಸಿಕೊಳ್ಳುವುದು, ಆಮೇಲೆ ನಿಧಾನವಾಗಿ ಪೊದೆ ಹುಡುಕಿ ಗುಂಡನ್ನು ತಂದು ಡ್ರಾಯರಿನಲ್ಲಿ ಇಡುವುದು, ಮುಂದೆ ಎಂದಾದರೂ ಪೆಟ್ಟಿಗೆಯಿಂದ ಕಾಯಿ ಹೊರಬಂದ ದಿನ ಅದರ ಬದಲು ಡ್ರಾಯರಿನ ಗುಂಡನ್ನು ಚೀಲದಲ್ಲಿಟ್ಟು ಕಳಿಸುವುದು.

ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯನ್ನು ನಾನು ದೊಡ್ಡ ಆಫೀಸಿನಲ್ಲೂ ನೋಡಿರಲಿಲ್ಲ.

‘ಎಲ್ಲಾ ಕಾಯೂ ಆಗಲ್ಲ,’ ಎಂದ ಅವನು, ಕಸುಬು ಬಲ್ಲವನ ಹೆಮ್ಮೆಯಿಂದ. ‘ನೆಳ್ಳಾಗೆ ಒಣಗಿಸ್ಬೇಕು. ಆಮೇಲ್ ಅಳತೆ ನೋಡ್ಬೇಕು.’ ಜೇಬಿನಿಂದ ಒಂದು ಹಸಿರು ಗಾಜಿನ ಬಳೆ ತೆಗೆದ. ‘ನನ್ನ ಹೆಂಡ್ತೀದು. ಇದರಾಗೆ ಬಿಗಿಯಾಗಿ ತೂರ್ದ್ರೆ ಪೆಟ್ಟಿಗೇಲೂ ತೂರ್ತದೆ.’

ನನ್ನ ಹತ್ತಿರವಿದ್ದ ಉಕ್ಕಿನ ಅಳತೆಬಳೆ ತೆಗೆದು ಅದರ ಪಕ್ಕ ಹಿಡಿದೆ. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ನಾಡಿನ ಎಷ್ಟು ಹೆಂಗಸರ ಕೈಯಲ್ಲಿ ನಮ್ಮ ಯಂತ್ರದ ಗುಟ್ಟು ಕಿಣಿಕಿಣಿ ಎನ್ನುತ್ತಿದೆಯೋ ಎನ್ನಿಸಿತು.

‘ಗಾಡಿ ಪೂರ್ತಿ ಬಂತೋ ಇಲ್ವೋ ಅಂತ ಪೆಟ್ಟಿಗೆಗೆ ಗುಂಡಿನಿಂದ ತಾನೇ ಗೊತ್ತಾಗೋದು?’ ಎಂದೆ. ‘ನೀನು ಕಾಯಿ ಹಾಕಿ ಬಂತು ಅಂದ್ಬಿಟ್ರೆ ಅದು ನಂಬ್ತದೆ. ಗಾಡಿ ಇನ್ನೂ ದಾರೀಲೇ ಇದ್ರೆ?’

‘ನಾನು ಕಣ್ಣಾರೆ ಕಡೇ ಡಬ್ಬಿ ನೋಡ್ದೆ ಹಾಕಲ್ಲ. ನನ್ ಮಕ್ಕಳಾಣೆ.’

ಅದು ನಿಜವೆಂದು ನನಗೆ ಗೊತ್ತಿತ್ತು. ಅವನಂಥ ಜಾಗರೂಕ ಮನುಷ್ಯ ಆ ದಾರಿಯಲ್ಲೇ ಇರಲಿಲ್ಲ. ಆದರೆ ಮನುಷ್ಯನ ಜಾಗರೂಕತೆಯನ್ನು ನಂಬಬಾರದೆಂದೇ ಪೆಟ್ಟಿಗೆ ಮಾಡಿದ್ದು. ಈಗ ಆ ಪೆಟ್ಟಿಗೆ ಅವನ ಜಾಗರೂಕತೆಯ ಮೇಲೆ ನಿಂತಿತ್ತು.

ಮೇಲಕ್ಕೆ ಬರೆಯಲೇಬೇಕು ಎಂದೆ. ಆಗ ಅವನ ಮುಖ ಸಪ್ಪಗಾಯಿತು. ‘ಬರೀರಿ. ಬರೀಬ್ಯಾಡಿ ಅನ್ನಲ್ಲ. ನನ್ ಹೆಸ್ರು ಹೋದ್ರೆ ಕೆಲ್ಸಾನೂ ಹೋಯ್ತು ಕಣ್ರೀ. ಇನ್ನು ಆರು ವರ್ಷ ಇದೆ. ಇಬ್ರು ಹೆಣ್ಮಕ್ಳು ಮನೇಲಿ ಅವರೆ.’

ನಿನ್ನ ಹೆಸರು ನನ್ನ ಬಾಯಿಂದ ಬರುವುದಿಲ್ಲ ಎಂದು ಮಾತು ಕೊಟ್ಟೆ. ಮಾತು ಕೊಡುವುದು ಸುಲಭ. ದೋಷವನ್ನು ಹೇಳಬೇಕು, ಯಾರು ಮಾಡಿದರೆಂದು ಹೇಳಬಾರದು. ಯಾರು ಮಾಡಿದರು ಎನ್ನುವುದನ್ನು ಬಿಟ್ಟು ಬೇರೆ ಏನನ್ನೂ ಕೇಳಲು ಬಾರದ ಆಫೀಸಿಗೆ ನಾನು ಬರೆಯಬೇಕಾಗಿತ್ತು.

ಬರೆದೆ. ಪೆಟ್ಟಿಗೆ ಬರೀ ಗಾತ್ರ ನೋಡುತ್ತದೆ, ತೂಕ ನೋಡುವುದಿಲ್ಲ. ಗಾತ್ರ ಸರಿಯಿದ್ದರೆ ಹಗುರವಾದ ವಸ್ತುವನ್ನೂ ಗುಂಡೆಂದು ನಂಬುತ್ತದೆ. ಒಳಗೆ ತೂಕಕ್ಕೆ ಬಾಗುವ ಒಂದು ಸಣ್ಣ ಪಟ್ಟಿ ಕೂರಿಸಿದರೆ ಸರಿಹೋಗುತ್ತದೆ. ಪಟ್ಟಿಯ ಚಿತ್ರವನ್ನೂ ಬರೆದು ಲಗತ್ತಿಸಿದೆ.

ಒಂದು ತಿಂಗಳಾದ ಮೇಲೆ ಉತ್ತರ ಬಂತು. ಗುಂಡನ್ನು ಬಿಟ್ಟು ಬೇರೇನನ್ನೂ ಪೆಟ್ಟಿಗೆ ಒಪ್ಪುವುದಿಲ್ಲ, ಆದ್ದರಿಂದ ನಿಮ್ಮ ವರದಿ ತಪ್ಪು, ತಿದ್ದಿ ಕಳಿಸಿ. ಬೇಲದ ಕಾಯಿ ಒಪ್ಪಿದೆ ಎಂದು ಮತ್ತೆ ಬರೆದೆ. ಸದರಿ ಕಾಯಿಯ ಅಳತೆ ನಮ್ಮಲ್ಲಿಲ್ಲ, ಮಾದರಿ ಕಳಿಸಿ ಎಂದರು. ಹುಲ್ಲು ತುಂಬಿದ ಡಬ್ಬದಲ್ಲಿ ಆಗಷ್ಟೇ ಮರದಿಂದ ಕಿತ್ತ ಒಂದು ಕಾಯಿ ಇಟ್ಟು ಪಾರ್ಸೆಲ್ ಮಾಡಿದೆ. ಅದು ಯಾವ ಯಾವ ಮೇಜಿನ ಮೇಲೆ ತಂಗಿತೋ, ತಲುಪುವಷ್ಟರಲ್ಲಿ ಕೊಳೆತಿತ್ತು. ಕೊಳೆಯುವ ಪದಾರ್ಥವನ್ನು ಆಫೀಸಿನ ಟಪಾಲಿನಲ್ಲಿ ಕಳಿಸಿದ್ದಕ್ಕೆ ನನ್ನಿಂದ ವಿವರಣೆ ಕೇಳಿದರು. ವಿವರಣೆ ಕೊಟ್ಟೆ. ಕೊನೆಗೆ ನಾನು ಹೆದರುತ್ತಿದ್ದ ಕಾಗದ ಬಂತು: ಯಂತ್ರದಲ್ಲಿ ದೋಷವಿಲ್ಲ, ಕಾಯಿ ಹಾಕಿದ ನೌಕರನ ಹೆಸರು ತಿಳಿಸಿ, ಅವನ ಮೇಲೆ ಕ್ರಮ ತೆಗೆದುಕೊಂಡರೆ ದೋಷ ನಿವಾರಣೆಯಾಗುತ್ತದೆ.

ಯಾವ ನೌಕರನೂ ಇಲ್ಲ, ನಾನೇ ಹಾಕಿ ತೋರಿಸುತ್ತೇನೆ, ಬಂದು ನೋಡಬಹುದು ಎಂದು ಬರೆದೆ.

ಇನ್ಸ್‌ಪೆಕ್ಟರ್ ಸಾಹೇಬರು ನಿಜವಾಗಿಯೂ ಬಂದರು. ನಾಲ್ಕು ಜನ ತಳ್ಳುವ ಟ್ರಾಲಿಯ ಮೇಲೆ, ಛತ್ರಿಯ ನೆರಳಲ್ಲಿ, ಬೆಳಿಗ್ಗೆ ಹತ್ತಕ್ಕೆ ಬಂದಿಳಿದರು. ಒಳ್ಳೆಯ ಮನುಷ್ಯರು, ಯಂತ್ರದ ಪುಸ್ತಕವನ್ನು ಪೂರ್ತಿ ಬಾಯಿಪಾಠ ಮಾಡಿದ್ದರು. ಯಂತ್ರವನ್ನು ಮಾತ್ರ ಅಷ್ಟು ಹತ್ತಿರದಿಂದ ನೋಡಿದಂತಿರಲಿಲ್ಲ. ಸ್ಟೇಷನ್ ಮಾಸ್ಟರು ಕಾಫಿ ತರಿಸಿದರು. ಪಾಯಿಂಟ್ಸ್‌ಮನ್ ಬಾಗಿಲ ಬಳಿ ಬಾವುಟ ಹಿಡಿದು ನಿಂತಿದ್ದ. ಬೆಳಿಗ್ಗೆಯೇ ಅವನಿಂದ ಒಂದು ಕಾಯಿಯನ್ನೂ ಆ ಹಸಿರು ಬಳೆಯನ್ನೂ ಇಸಿದುಕೊಂಡು ನನ್ನ ಚೀಲದಲ್ಲಿ ಇಟ್ಟುಕೊಂಡಿದ್ದೆ.

ದಾರಿಯಲ್ಲಿ ಗಾಡಿ ಇಲ್ಲದ ಹೊತ್ತು ನೋಡಿ, ಎರಡೂ ಕಡೆ ಹೇಳಿ, ಒಂದು ಗುಂಡು ಹೊರಗೆ ತೆಗೆಸಿದೆವು. ಅದನ್ನು ಸಾಹೇಬರ ಕೈಗೆ ಕೊಟ್ಟು, ‘ನಿಮ್ಮ ಕೋಟಿನ ಜೇಬಿನಲ್ಲೇ ಇಟ್ಟುಕೊಳ್ಳಿ ಸಾರ್’ ಎಂದೆ. ಜೇಬು ಮಂಡಿಯವರೆಗೆ ಜೋತುಬಿತ್ತು. ನಾನು ಕಾಯಿ ತೆಗೆದು ಪೆಟ್ಟಿಗೆಯ ಬಾಯಿಗೆ ಹಾಕಿದೆ. ಟಕ್ ಎಂದಿತು. ಹಿಡಿ ಸಲೀಸಾಗಿ ತಿರುಗಿತು. ಆ ಕಡೆಯಿಂದ ಗಂಟೆ ಬಂತು. ದಾರಿ ತೆರವು.

ಸಾಹೇಬರು ಜೇಬಿನಿಂದ ಗುಂಡು ತೆಗೆದು ನೋಡಿದರು. ಹಿಂದೆ ಮುಂದೆ ತಿರುಗಿಸಿ ನೋಡಿದರು. ಬಹಳ ಹೊತ್ತು ಯೋಚಿಸಿ ನನ್ನ ಕಡೆ ತಿರುಗಿ, ‘ನೀವು ಯಂತ್ರದೊಳಗೆ ಹಣ್ಣು ಹಾಕಿದಿರಿ’ ಎಂದರು.

‘ಹೌದು ಸಾರ್. ಅದು ಒಪ್ಪಿಕೊಂಡಿತು.’

‘ಅದು ಬೇರೆ ವಿಷಯ. ನಿಮಗೆ ಇದನ್ನು ಯಾರು ಹೇಳಿಕೊಟ್ಟರು?’

ಬಾಗಿಲ ಬಳಿ ಬಾವುಟದ ಕೋಲು ನೆಲಕ್ಕೆ ತಗುಲಿ ಸದ್ದಾಯಿತು. ನಾನು ಆ ಕಡೆ ನೋಡಲಿಲ್ಲ. ‘ಯಾರೂ ಇಲ್ಲ. ನನಗೇ ಹೊಳೆಯಿತು’ ಎಂದೆ.

‘ಅಳತೆ?’

ಬಳೆ ತೆಗೆದು ತೋರಿಸಿದೆ.

‘ಯಾರದು ಇದು?’

‘ನನ್ನ ಹೆಂಡತಿಯದು ಸಾರ್.’

ಬಳೆಯನ್ನು ಅವರು ಮುಟ್ಟಲಿಲ್ಲ. ಹೆಂಗಸರ ವಸ್ತು, ಪುಸ್ತಕದಲ್ಲಿ ಅದರ ಪ್ರಸ್ತಾಪ ಇರಲಿಲ್ಲ. ‘ಈ ಹಣ್ಣು ಎಲ್ಲಿಂದ ಬಂತು?’ ಎಂದರು.

‘ಮರದಿಂದ ಸಾರ್.’

‘ಯಾವ ಮರ?’

ಕಿಟಕಿಯಿಂದ ಕೈತೋರಿಸಿದೆ. ಸಾಹೇಬರು ಕಿಟಕಿಯ ಬಳಿ ಹೋಗಿ ಬೇಲದ ಮರವನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಪರಾಧಿ ಸಿಕ್ಕಿದ ಸಮಾಧಾನ ಅವರ ಮುಖದಲ್ಲಿ ಕಂಡಿತು.

ಮುಂದೆ ಆದದ್ದು ಎರಡು. ನನ್ನ ರಿಜಿಸ್ಟರಿಗೆ ಕೆಂಪು ಶಾಯಿ ಬಿತ್ತು. ಮತ್ತು ಸ್ಟೇಷನ್ನಿನ ಆವರಣದಲ್ಲಿ ಬೇಲದ ಮರ ಇರಕೂಡದು, ಇದ್ದರೆ ಕೂಡಲೇ ಕಡಿಸಿ ವರದಿ ಮಾಡತಕ್ಕದ್ದು ಎಂದು ಸುತ್ತೋಲೆ ಹೊರಟಿತು. ಕಡಿದರು. ಬೇಲದ ಮರವೇ ಇಲ್ಲದ ಸ್ಟೇಷನ್ನಿನವರು ‘ಇಲ್ಲ’ ಎಂದು ಬರೆದರೆ ಸುಳ್ಳೆಂದಾರು ಎಂದು ಹೆದರಿ, ಪಕ್ಕದ ಹೊಲದಿಂದ ಒಂದು ಸಸಿ ಕಿತ್ತು ತಂದು ಕಡಿದರೆಂದೂ ಕೇಳಿದೆ. ಅಷ್ಟು ಮಾತ್ರ ನಾನು ಕಣ್ಣಾರೆ ಕಂಡದ್ದಲ್ಲ.

ಪೆಟ್ಟಿಗೆಗಳು ಹಾಗೆಯೇ ಇದ್ದವು. ಸಿಟ್ಟು ಬಂತು. ಬಡ್ತಿ ಹೋದದ್ದಕ್ಕೆ ಬಂದ ಸಿಟ್ಟು ಕಡಿಮೆ ಎಂದರೆ ಸುಳ್ಳಾಗುತ್ತದೆ. ಹೆಂಡತಿಯ ಮುಂದೆ ಹತ್ತು ದಿನ ಅದನ್ನೇ ಕುಟ್ಟಿದೆ. ಹನ್ನೊಂದನೆಯ ದಿನ ಅವಳು, ‘ಸರಿ, ಆ ತೂಕದ ಪಟ್ಟಿ ನೀವೇ ಮಾಡಿ ಹಾಕಿ. ನಿಮ್ಮ ರಿಜಿಸ್ಟರ್ ಹೇಗಿದ್ದರೂ ಕೆಂಪಾಗಿದೆ’ ಎಂದಳು.

ತರೀಕೆರೆಯಲ್ಲಿ ಲೇತ್ ಇಟ್ಟಿದ್ದ ಒಬ್ಬ ಸಾಬರಿದ್ದರು. ಎತ್ತಿನ ಗಾಡಿಯ ಕೀಲಿನಿಂದ ಅಕ್ಕಿ ಗಿರಣಿಯ ಬೇರಿಂಗಿನವರೆಗೆ ಎಲ್ಲವೂ ಅವರ ಕೈಯಲ್ಲಿ ಸರಿಹೋಗುತ್ತಿತ್ತು. ಒಳಗೆ ಮನೆಯವರ ಜೊತೆ ದಖ್ನಿ, ಅಂಗಡಿಯಲ್ಲಿ ಕನ್ನಡ, ಲೇತ್ ಕೆಟ್ಟಾಗ ಎರಡೂ. ನನ್ನ ಚಿತ್ರ ನೋಡಿ ಕನ್ನಡಕ ಹಣೆಗೇರಿಸಿದರು.

‘ಇದು ಗುಂಡಿನ ತೂಕ ನೋಡೋಕಾ, ಮಿಸ್ತ್ರಿ ಸಾಬ್?’

‘ನಿಮ್ಗ್ ಹೆಂಗ್ ಗೊತ್ತಾಯ್ತು ಸಾಬ್ರೇ?’

‘ಅರೆ, ಹೋದ ವಾರ ನಿಮ್ಮ ರೈಲ್ವೆಯವನೇ ಒಬ್ಬ ಬೇಲದ ಮರದ ತುಂಡು ತಂದಿದ್ದ. ಗುಂಡು ಕಡೆದು ಕೊಡಿ, ಮಗಳು ಆಡ್ಕೊಳ್ಳೋಕೆ ಅಂದ. ಅಳತೆಗೆ ಹಸಿರು ಬಳೆ ಕೊಟ್ಟ. ಆಟದ ಗುಂಡಿಗೆ ಕೂದಲಷ್ಟೂ ಹೆಚ್ಚುಕಮ್ಮಿ ಆಗ್ಬಾರ್ದು ಅಂದ್ರೆ ನಾನು ನಂಬ್ತೀನಾ?’

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಆಫೀಸು ಮರ ಕಡಿಸಿ ದೋಷ ನಿವಾರಿಸಿತ್ತು. ಪಾಯಿಂಟ್ಸ್‌ಮನ್, ನಾನು ವಾಪಸು ಕೊಟ್ಟ ಬಳೆಯ ಅಳತೆಗೇ, ಅದೇ ಮರದಿಂದ ಎಂದೂ ಕೊಳೆಯದ, ಸುಕ್ಕದ ಕಾಯಿ ಮಾಡಿಸಿಕೊಂಡಿದ್ದ. ದೊಡ್ಡ ಆಫೀಸಿನಿಂದ ಆ ದಾರಿಗೆ ಆದ ಸುಧಾರಣೆ ಇದೊಂದೇ.

ಸಾಬರು ಪಟ್ಟಿಗಳನ್ನು ಮಾಡಿಕೊಟ್ಟರು. ಬೆರಳುದ್ದದ ಉಕ್ಕಿನ ಪಟ್ಟಿ, ಕೆಳಗೊಂದು ಸ್ಪ್ರಿಂಗು. ಉಕ್ಕಿನ ಗುಂಡು ಬಿದ್ದರೆ ಬಾಗಿ ಒಳಗೆ ಬಿಡುತ್ತದೆ. ಹಗುರವಾದದ್ದು ಬಿದ್ದರೆ ಬಾಗುವುದಿಲ್ಲ, ಬಂದದ್ದು ಬಂದಂತೆ ಹೊರಗೆ ಉರುಳುತ್ತದೆ. ಒರೆಸುವ ಸರದಿ ಬಂದಂತೆಲ್ಲ ಒಂದೊಂದು ಪೆಟ್ಟಿಗೆಗೆ ಒಂದೊಂದು ಕೂರಿಸುತ್ತ ಹೋದೆ. ಮೊದಲನೆಯದು ಆ ಸಣ್ಣ ಸ್ಟೇಷನ್ನಿಗೆ. ಸ್ಟೇಷನ್ನುಗಳ ರಿಪೇರಿ ಪುಸ್ತಕದಲ್ಲಿ ಎಲ್ಲ ಕಡೆಯೂ ‘ಧೂಳು ಒರೆಸಿದೆ’ ಎಂದೇ ಬರೆದೆ. ಆ ದಾರಿಯ ಪೆಟ್ಟಿಗೆಗಳಷ್ಟು ನೇಮದಿಂದ ಧೂಳು ಒರೆಸಿಕೊಂಡ ಪೆಟ್ಟಿಗೆಗಳು ಬೇರೆಲ್ಲೂ ಇರಲಿಕ್ಕಿಲ್ಲ.

ಪಾಯಿಂಟ್ಸ್‌ಮನ್ನಿಗೆ ಪಟ್ಟಿಯ ಸುದ್ದಿ ಹೇಳಲಿಲ್ಲ. ಹೇಳಿದ್ದರೆ ಅವನು ಮರದ ಗುಂಡಿನೊಳಗೆ ಸೀಸ ತುಂಬಿಸುತ್ತಿದ್ದ. ಅಷ್ಟು ಬುದ್ಧಿವಂತ.

ಎಂಟು ಹತ್ತು ತಿಂಗಳು ಕಳೆದಿರಬೇಕು. ಇನ್ನೊಂದು ಹಲ್ಲಿಯನ್ನು ಕಾಣಲು ಅಜ್ಜಂಪುರಕ್ಕೆ ಹೊರಟವನು ದಾರಿಯಲ್ಲಿ ಆ ಸ್ಟೇಷನ್ನಿನಲ್ಲಿ ಇಳಿದೆ. ಪಾಯಿಂಟ್ಸ್‌ಮನ್ ನನ್ನನ್ನು ಕಂಡವನೇ ಗೋದಾಮಿನ ಹಿಂದಕ್ಕೆ ಕರೆದೊಯ್ದ.

‘ಮೊನ್ನೆ ಮಧ್ಯಾಹ್ನ ಗೂಡ್ಸ್ ಬಂತು ಕಣ್ರೀ, ಅಜ್ಜಂಪುರದ ಕಡೆಯಿಂದ. ಫೈರ್‌ಮನ್ ಚೀಲ ಎಸ್ದ, ಪೊದೆಗ್ ಬಿತ್ತು. ನಾನು ಅದರ ಹಿಂದೆ ಓಡ್ಬಿಟ್ಟೆ. ಕಡೇ ಡಬ್ಬಿ ನೋಡ್ಲಿಲ್ಲ.’

ಗುಂಡು ಸಿಗಲಿಲ್ಲವಂತೆ. ಅಜ್ಜಂಪುರದಲ್ಲಿ ಪ್ಯಾಸೆಂಜರ್ ಬಂದು ನಿಂತಿತ್ತು, ಅಲ್ಲಿಂದ ಗಂಟೆಯ ಮೇಲೆ ಗಂಟೆ ಬಾರಿಸುತ್ತಿದ್ದರು. ‘ಹಾಕೋ, ಏನ್ ನೋಡ್ತೀಯಾ’ ಎಂದು ಸ್ಟೇಷನ್ ಮಾಸ್ಟರು ಕೂಗಿದರು. ಇವನು ಮರದ ಗುಂಡು ಹಾಕಿದ. ಅದು ಹೊರಗೆ ಉರುಳಿತು. ಮತ್ತೆ ಹಾಕಿದ. ಮತ್ತೆ ಉರುಳಿತು. ಮೂರನೆಯ ಸಲ ಸ್ಟೇಷನ್ ಮಾಸ್ಟರೇ ಎದ್ದು ಬಂದು, ಪೆಟ್ಟಿಗೆಗೂ ಅದನ್ನು ನೋಡಿಕೊಳ್ಳುವ ಮಿಸ್ತ್ರಿಯಾದ ನನಗೂ ಸೇರಿಸಿ ಬೈಯುತ್ತ ಹಾಕಿದರು. ಮೂರು ಸಲವೂ ಪೆಟ್ಟಿಗೆ ಒಲ್ಲೆ ಎಂದಿತು. ಇನ್ನೇನು ಮಾಡುವುದೆಂದು ಮುಖ ಮುಖ ನೋಡಿಕೊಳ್ಳುತ್ತಿರುವಾಗ, ಹಳಿಯ ಮೇಲೆ ಕೆಂಪು ಬಾವುಟ ಹಿಡಿದು ಗೂಡ್ಸ್ ಗಾರ್ಡ್ ಏದುಸಿರು ಬಿಡುತ್ತ ಓಡಿ ಬಂದ. ಏರಿನಲ್ಲಿ ಕೊಂಡಿ ಕಳಚಿ ಗಾಡಿ ಎರಡಾಗಿತ್ತು. ಗಾಡಿಯ ಮುಂದಿನ ಭಾಗ ಸ್ಟೇಷನ್ ದಾಟಿ ಹೋಗಿತ್ತು. ಹಿಂದಿನ ಆರು ಡಬ್ಬಿಗಳು ಎರಡು ಸ್ಟೇಷನ್ನುಗಳ ನಡುವೆ, ತಿರುವಿನ ಆಚೆ, ಪ್ಯಾಸೆಂಜರ್ ಬರುವ ದಾರಿಯಲ್ಲೇ ನಿಂತಿದ್ದವು.

‘ಪೆಟ್ಟಿಗೆ ತಗಂಡಿದ್ರೆ ಪ್ಯಾಸೆಂಜರ್ ಬಿಟ್ಬಿಡ್ತಿದ್ರು,’ ಎಂದ. ‘ಅದರಾಗೆ ಸಂತೆ ಜನ. ನನ್ನ ದೊಡ್ಡ ಮಗಳೂ ಕೂಸು ಎತ್ಕಂಡು ಬತ್ತಿದ್ಲು. ನಾನು ಕೊಂದ್ಬಿಡ್ತಿದ್ದೆ ಮಿಸ್ತ್ರಿಗಳೇ.’

ಸೊಂಟದಿಂದ ಮರದ ಗುಂಡು ತೆಗೆದು ನನ್ನ ಅಂಗೈ ಮೇಲಿಟ್ಟ. ಪೆಟ್ಟಿಗೆಗೆ ಏನು ಮಾಡಿದಿರಿ ಎಂದು ಕೇಳಲಿಲ್ಲ. ನಾನು ‘ಧೂಳು ಒರೆಸಿದ್ದೆ ಅಷ್ಟೆ’ ಎಂದೆ. ಅವನು ಗೋಡೆಗೆ ಮುಖ ಮಾಡಿ ಅಳತೊಡಗಿದ. ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. ಪಕ್ಕದಲ್ಲಿ ನಿಂತಿದ್ದೆ.

ವಿಚಾರಣೆ ನಡೆಯಿತು. ಕೊಂಡಿ ಕಳಚಿದ್ದರ ಬಗ್ಗೆ ಮಾತ್ರ. ಗುಂಡು ಪೊದೆಯಲ್ಲಿ ಸಿಕ್ಕಿತು, ಮರದ ಗುಂಡು ನನ್ನ ಚೀಲದಲ್ಲಿತ್ತು, ಪಾಯಿಂಟ್ಸ್‌ಮನ್ನಿನ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ. ವರದಿಯ ಕೊನೆಗೆ, ಟೋಕನ್ ಪೆಟ್ಟಿಗೆ ಯಾವಾಗಿನಂತೆ ದೋಷರಹಿತವಾಗಿ ಕೆಲಸ ಮಾಡಿದೆ ಎಂದೂ, ಬೇಲದ ಮರಗಳನ್ನು ಕಡಿಸಿದ ಕ್ರಮ ಸಮಯೋಚಿತವಾಗಿತ್ತೆಂದೂ ಬರೆದಿದ್ದರು. ಸಾಹೇಬರಿಗೆ ಬಡ್ತಿಯಾಯಿತು. ಅವರ ಮೇಲೆ ನನಗೆ ದ್ವೇಷವಿಲ್ಲ. ಸ್ವಲ್ಪ ಇದೆ.

ಪಾಯಿಂಟ್ಸ್‌ಮನ್ ತನ್ನ ಆರು ವರ್ಷ ಮುಗಿಸಿ, ಮಕ್ಕಳ ಮದುವೆ ಮಾಡಿ, ಪಂಚನಹಳ್ಳಿ ಕಡೆಯ ತನ್ನೂರಿಗೆ ಹೋದ. ಥ್ಯಾಂಕ್ಸ್ ಗೀಂಕ್ಸ್ ಎಂದು ಹೇಳುವ ಜನ ಅಲ್ಲ ಅವರು. ಆದರೆ ಪ್ರತಿ ವರ್ಷ ರಾಮನವಮಿಗೆ ಮುಂಚೆ ಅವನ ಕಡೆಯಿಂದ ಕಡೂರಿಗೆ ಒಂದು ಚೀಲ ಬೇಲದ ಹಣ್ಣು ಬರುತ್ತಿತ್ತು. ಪಾನಕ ಮಾಡಿ ಹಂಚಿದ ಮೇಲೂ ಉಳಿಯುವಷ್ಟು. ಒಂದೊಂದು ವರ್ಷ ಹಣ್ಣುಗಳ ಮಧ್ಯೆ ಮಸಿ ಬಳಿದ ಒಂದು ಕಾಯಿ ಇರುತ್ತಿತ್ತು. ಅದು ನನ್ನನ್ನು ಚುಡಾಯಿಸಲು.

ಅರವತ್ತರ ದಶಕ ಮುಗಿಯುತ್ತ ಬಂದಾಗ ಒಂದು ವರ್ಷ ಚೀಲವನ್ನು ಅವನ ಹೆಂಡತಿಯೇ ಹೊತ್ತು ತಂದಳು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಜಗಲಿಯ ಮೇಲೆ ಚೀಲ ಇಳಿಸಿದಾಗ ಎರಡೂ ಕೈ ಬರಿದಾಗಿದ್ದವು. ನನ್ನ ಹೆಂಡತಿ ಒಳಗಿನಿಂದ ನೀರು ತಂದವಳು ಅದನ್ನು ನೋಡಿ ಚೊಂಬು ಹಿಡಿದು ಹಾಗೇ ನಿಂತಳು.

‘ಶಿವರಾತ್ರಿ ಮುಂದೆ ಹೋದ್ರು,’ ಎಂದಳು ಆಕೆ. ಸೆರಗಿನ ಗಂಟು ಬಿಚ್ಚಿ ಆ ಹಸಿರು ಬಳೆಯನ್ನು ತೆಗೆದಳು. ‘ಕೈಯಾಗಿದ್ದೋವೆಲ್ಲಾ ಒಡೆದ್ರು. ಇದು ಅವರ ಪೆಟ್ಟಿಗೇಲಿತ್ತು, ಯಾರೂ ನೋಡ್ಲಿಲ್ಲ. ಮಿಸ್ತ್ರಿಗಳು ಇದನ್ನ ಅವ್ರ ಹೆಂಡ್ತೀದು ಅಂತ ಸಾಹೇಬ್ರಿಗ್ ಹೇಳಿ ನನ್ ಅನ್ನ ಉಳಿಸಿದ್ರು, ಅವ್ರಿಗೇ ಕೊಟ್ಬಿಡು ಅಂತಿದ್ರು.’

ನಾನು ಅತ್ತೆ. ನನ್ನ ಹೆಂಡತಿ ಅವಳನ್ನು ಒಳಗೆ ಕರೆದು ಊಟಕ್ಕೆ ಕೂರಿಸಿದಳು. ಬಳೆ ಇವತ್ತಿಗೂ ನನ್ನ ಸಾಮಾನಿನ ಪೆಟ್ಟಿಗೆಯಲ್ಲಿದೆ, ಸ್ಪ್ಯಾನರುಗಳಿಗೆ ತಗುಲದ ಹಾಗೆ ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ.